ಗಿರಾಕಿ ಏಳುವ ತನಕ

ಹೆಂಡತಿ ನೆಲದ ಮೇಲೆ ಕೂತು ಪ್ಯಾಂಟಿನ ಬಲಗಾಲನ್ನು ಸುರುಳಿ ಸುತ್ತಿ ಹಿಡಿದಿದ್ದಳು. ಹಾಕುವಾಗ ಕೆಟ್ಟ ಕಾಲು ಮೊದಲು, ಬಿಚ್ಚುವಾಗ ಒಳ್ಳೆಯ ಕಾಲು ಮೊದಲು. ಆಸ್ಪತ್ರೆಯ ನರ್ಸು ಹೇಳಿಕೊಟ್ಟ ಈ ಒಂದು ಪಾಠ ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು. ಅವನು ಮಂಚದ ಅಂಚಿನಲ್ಲಿ ಕೂತು, ಮಡಚಲು ಒಲ್ಲದ ಕಾಲನ್ನು ಮುಂದಕ್ಕೆ ಚಾಚಿಕೊಂಡು, ಅವಳ ನಡುನೆತ್ತಿಯನ್ನೇ ನೋಡುತ್ತಿದ್ದ. "ಬೈತಲೆ ಡೊಂಕಾಗಿದೆ," ಅಂದ. ಅವಳು ತಲೆ ಎತ್ತದೆ, "ನೆಟ್ಟಗೇ ಇದೆ," ಅಂದಳು. "ಜೀವಮಾನ ಎಲ್ಲ ಕತ್ತರಿ ಹಿಡಿದವನಿಗೆ ನೀನು ಹೇಳ್ತೀಯಾ?" ಇತ್ತೀಚೆಗೆ ಈ ಮನೆಯಲ್ಲಿ ಯಾವುದೂ ನೆಟ್ಟಗಿರಲಿಲ್ಲ. ಗೋಡೆಯ ಕ್ಯಾಲೆಂಡರು, ಕೈತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿ, ಎಲ್ಲವೂ ಯಾರೋ ಬೇಕೆಂದೇ ತಳ್ಳಿದ ಹಾಗೆ ಒಂದೇ ಕಡೆಗೆ ವಾಲಿರುತ್ತಿದ್ದವು. ಬೆಳಿಗ್ಗೆ ಅವಳ ಕೈಯಲ್ಲಿ ಹೇಳಿ ಹೇಳಿ ಸರಿಮಾಡಿಸಿ ಹೋದರೆ, ಸಂಜೆ ಬರುವಷ್ಟರಲ್ಲಿ ಮತ್ತೆ ಅದೇ ಡೊಂಕು. ಇವಳೇ ಹಟಕ್ಕೆ ತಿರುಗಿಸಿ ಇಡುತ್ತಾಳೆ ಎಂದು ಅವನಿಗೆ ಗುಮಾನಿ. ಕಾಲು ಹೋದವನ ಮೇಲೆ ಹೆಂಡತಿಗೆ ಇಂಥ ಚಿಲ್ಲರೆ ಸೇಡುಗಳು ಇರುತ್ತವೆ ಎಂದು ಅವನು ನಂಬಿದ್ದ. ನಂಬಿದ್ದರಿಂದ ಸ್ವಲ್ಪ ಸಮಾಧಾನವೂ ಇತ್ತು.

ಪ್ಯಾಂಟು ಸೊಂಟಕ್ಕೆ ಬಂದ ಮೇಲೆ ಅವಳು ಮಂಚದ ಕೆಳಗಿನಿಂದ ಅಡಿ ದಪ್ಪ ಮಾಡಿಸಿದ ಬೂಟು ಎಳೆದಳು. ಬಲಗಾಲು ಹೆಬ್ಬೆರಳಿನ ಅಗಲದಷ್ಟು ಗಿಡ್ಡವಾಗಿದೆ ಎಂದು ಆಸ್ಪತ್ರೆಯವರೇ ಅಳತೆ ಕೊಟ್ಟು ಮಾಡಿಸಿದ ಬೂಟು ಅದು. ಒಂದರ ಅಡಿ ತೆಳ್ಳಗೆ, ಇನ್ನೊಂದರದು ಇಟ್ಟಿಗೆಯ ಹಾಗೆ. ತಂದ ದಿನ ಹಾಕಿದ್ದು, ಆಮೇಲೆ ಧೂಳು ಹಿಡಿದಿತ್ತು. "ಇವತ್ತೊಂದು ದಿನ ಹಾಕ್ಕೊಳ್ಳಿ. ನಿಂತೇ ಮಾಡ್ತೀನಿ ಅಂತಿದ್ದೀರಿ," ಅಂದಳು. "ಇದನ್ನ ಹಾಕ್ಕೊಂಡು ಹೋದ್ರೆ ಗಿರಾಕಿಗಳು ನನ್ನ ಕೈ ನೋಡಲ್ಲ, ಕಾಲು ನೋಡ್ತಾರೆ." "ಈಗ ಏನು ನೋಡ್ತಿದ್ದಾರೆ?" ಅಂದುಬಿಟ್ಟಳು. ಅಂದ ಮೇಲೆ ಅವಳ ಮುಖದಲ್ಲಿ ಹೆದರಿಕೆ ಬಂತು. ಆ ಹೆದರಿಕೆ ನೋಡಿ ಅವನಿಗೆ ಹಿತವಾಯಿತು. "ನಾನು ಸತ್ತ ಮೇಲೆ ಹಾಕಿ ಮಲಗಿಸು, ಉದ್ದ ಸರಿಹೋಗುತ್ತೆ," ಎಂದು ಹಳೆಯ ಚಪ್ಪಟೆ ಬೂಟಿಗೆ ಕಾಲು ಚಾಚಿದ. ಅವಳು ಅದನ್ನೇ ತೊಡಿಸಿದಳು.

ಅಂಗಡಿ ಅದೇ ರಸ್ತೆಯ ಕೊನೆಯಲ್ಲಿತ್ತು. ಮೊದಲಾದರೆ ಒಂದು ಸಿಗರೇಟು ಮುಗಿಯುವುದರೊಳಗೆ ತಲುಪುತ್ತಿದ್ದ ದಾರಿ. ಈಗ ಊರುಗೋಲು, ಒಳ್ಳೆಯ ಕಾಲು, ಆಮೇಲೆ ಹೊರಕ್ಕೆ ತಿರುಗಿಕೊಂಡ ಪಾದದ ಆ ಇನ್ನೊಂದು. ಹೊಲಿಗೆ ಅಂಗಡಿಯ ಮೆಟ್ಟಿಲ ಹತ್ತಿರ ಒಮ್ಮೆ, ಔಷಧಿ ಅಂಗಡಿಯ ಕಂಬದ ಹತ್ತಿರ ಒಮ್ಮೆ ನಿಲ್ಲಬೇಕು. ನಿಂತಾಗ ಸುಮ್ಮನೆ ನಿಂತಿದ್ದೇನೆ ಎನ್ನುವಂತೆ ಆಕಾಶ ನೋಡುತ್ತಿದ್ದ. ಮಂಡಿ ಬದಲಾಯಿಸಿಕೊಂಡ ಮೇಲಿನ ವರ್ಷಗಳಲ್ಲಿ ಎಷ್ಟು ಚೆನ್ನಾಗಿ ನಡೆಯುತ್ತಿದ್ದ! ಬಂದವರಿಗೆಲ್ಲ ಪ್ಯಾಂಟು ಮೇಲೆತ್ತಿ ಗಾಯದ ಗೆರೆ ತೋರಿಸಿ, ನೀವೂ ಮಾಡಿಸಿಕೊಳ್ಳಿ, ಹೆದರಬೇಡಿ ಎಂದು ಉಪದೇಶ ಮಾಡುತ್ತಿದ್ದ. ಅಂಗಡಿಯಲ್ಲಿ ಜಾರಿ ಬಿದ್ದ ಮೇಲೆ ಡಾಕ್ಟರು ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ತನ್ನದೇ ಮಗುವಿನ ಫೋಟೋ ತೋರಿಸುವವನ ಹಿಗ್ಗಿನಲ್ಲಿ, "ನೋಡಿ, ಮಂಡಿಗೆ ಏನೂ ಆಗಿಲ್ಲ, ಕೂದಲೆಳೆಯಷ್ಟೂ ಅಲ್ಲಾಡಿಲ್ಲ," ಅಂದಿದ್ದ. ಮುರಿದದ್ದು ಅದರ ಮೇಲಿನ ಮೂಳೆ. ಹಳೇ ಗೋಡೆಗೆ ಹೊಸ ಬಾಗಿಲು ಕೂರಿಸಿದರೆ ಬಾಗಿಲು ಗಟ್ಟಿಯಾಗಿಯೇ ಇರುತ್ತದೆ, ಬಿರುಕು ಬಿಡುವುದು ಗೋಡೆ. ತೊಡೆಮೂಳೆಗೆ ಉಕ್ಕಿನ ಪಟ್ಟಿ ಇಟ್ಟು ಮೊಳೆ ಹೊಡೆದರು. ಕೂಡಿಕೊಳ್ಳುವುದಕ್ಕೆ ಮೂಳೆಗೆ ಮನಸ್ಸೇ ಇರಲಿಲ್ಲ. ಹಾಗೂ ಹೀಗೂ ಕೂಡಿತು ಅನ್ನುವಷ್ಟರಲ್ಲಿ, ಬೀಳಲೂ ಇಲ್ಲ ಎಡವಲೂ ಇಲ್ಲ, ಬಚ್ಚಲಿನಿಂದ ಬರುತ್ತಿದ್ದಾಗ ಪಟ್ಟಿಯ ಮೇಲ್ತುದಿಯಲ್ಲಿ ಟಪ್ ಎಂದು ಇನ್ನೊಮ್ಮೆ ಹೋಯಿತು. ಒಣಗಿದ ಕಡ್ಡಿ ಮುರಿದ ಸದ್ದು. ತನ್ನೊಳಗಿನಿಂದಲೇ ಆ ಸದ್ದು ಬಂದದ್ದು ಅವನಿಗೆ ಇವತ್ತಿಗೂ ನಿದ್ದೆಯಲ್ಲಿ ಕೇಳಿಸುತ್ತದೆ. ಸೊಂಟದ ತನಕ ಉದ್ದದ ಪಟ್ಟಿ, ಮತ್ತೆ ತಿಂಗಳುಗಟ್ಟಲೆ ಮಂಚ, ಮಲಗಿದಲ್ಲೇ ಎಲ್ಲ. ಕಡೆಗೆ ಡಾಕ್ಟರು, "ಇನ್ನು ಇದು ಹೀಗೇ, ಇದಕ್ಕೇ ಒಗ್ಗಿಕೊಳ್ಳಿ," ಎಂದು ಕೈ ತೊಳೆದುಕೊಂಡ. ಮಂಡಿ ಮಾತ್ರ ಇವತ್ತಿಗೂ ಅಚ್ಚುಕಟ್ಟಾಗಿ ಇದೆಯಂತೆ.

ನಿನ್ನೆ ಅಂಗಡಿ ಮುಚ್ಚುವಾಗ ತಮ್ಮ ಹೇಳಿದ್ದ, "ಅಣ್ಣ, ಮೊದಲನೇ ಕುರ್ಚಿಗೆ ಒಬ್ಬ ಕೆಲಸದವನನ್ನ ಕರೆಸ್ತಿದ್ದೀನಿ. ಕೈ ಚೆನ್ನಾಗಿದೆ ಅವನದು." ಕತ್ತರಿಗಳನ್ನು ಬಟ್ಟೆಯಲ್ಲಿ ಒರೆಸುತ್ತಾ, ಮಳೆ ಬರೋ ಹಾಗಿದೆ ಅನ್ನುವ ದನಿಯಲ್ಲೇ ಹೇಳಿದ್ದ. ಅಂಗಡಿಯಲ್ಲಿ ಕುರ್ಚಿಗಳು ಮೂರು. ಬಾಗಿಲ ಪಕ್ಕದ ಮೊದಲನೆಯದು ದೊಡ್ಡವರದು. ಗಿರಾಕಿಗಳು ಅವನನ್ನು ದೊಡ್ಡವರು ಅಂತಲೂ ತಮ್ಮನನ್ನು ಚಿಕ್ಕವರು ಅಂತಲೂ ಕರೆಯುತ್ತಿದ್ದರು. ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ತಮ್ಮ ಎರಡನೇ ಕುರ್ಚಿ ಬಿಟ್ಟು ಕದಲಿರಲಿಲ್ಲ. ಮೊದಲನೆಯದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದ. ವಾಪಸು ಬಂದ ಮೇಲೆ ದೊಡ್ಡವರ ಕುರ್ಚಿಗೆ ಗಿರಾಕಿಗಳು ಬರುವುದು ಒಬ್ಬೊಬ್ಬರಾಗಿ ನಿಂತಿತು. ಚಕ್ರದ ಸ್ಟೂಲಿನ ಮೇಲೆ ಕೂತು ತಲೆ ಸುತ್ತ ಉರುಳುವವನ ಕೈಗೆ ಯಾರು ಕುತ್ತಿಗೆ ಕೊಡುತ್ತಾರೆ? ವಕೀಲರೊಬ್ಬರು ಮಾತ್ರ ಬಿಟ್ಟಿರಲಿಲ್ಲ. ಇಡೀ ಕೋರ್ಟಿನಲ್ಲಿ ಅಂಥ ಬಿಳಿ ತಲೆ ಇನ್ನೊಂದಿಲ್ಲ. ದಟ್ಟ, ಅಲೆಅಲೆ, ಆ ತಲೆಯ ಮೇಲೆ ಅವರಿಗೆ ತಮ್ಮ ಕೇಸುಗಳಿಗಿಂತ ಹೆಚ್ಚು ಅಭಿಮಾನ. ತಿಂಗಳಿಗೊಮ್ಮೆ ತಪ್ಪದೆ ಬಂದು ದೊಡ್ಡವರ ಕುರ್ಚಿಯಲ್ಲೇ ಕೂರುತ್ತಿದ್ದರು. ಅದಕ್ಕೇ ನಿನ್ನೆ ಅವನು ಹೇಳಿದ್ದ, "ನಾಳೆ ವಕೀಲರು ಬರ್ತಾರೆ. ಸಂಜೆ ಅವರ ಫೋಟೋ ತೆಗೀತಾರಂತೆ, ಕೋರ್ಟಿನ ಹಾಲಿಗೆ ಹಾಕೋಕೆ. ಸ್ಟೂಲು ಇಲ್ಲದೆ, ನಿಂತು ಮಾಡ್ತೀನಿ. ಅವರು ಸರಿ ಇಲ್ಲ ಅಂದ್ರೆ ಕುರ್ಚಿ ನೀನೇ ಯಾರಿಗಾದರೂ ಕೊಡು. ಸರಿ ಇದೆ ಅಂದ್ರೆ ಇನ್ನೊಂದು ಸಲ ಈ ಮಾತು ಎತ್ತಬಾರದು." ತಮ್ಮ, "ಆಯ್ತು. ವಕೀಲರು ಹೇಳಿದ ಹಾಗೆ," ಅಂದ. ಇಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ ಎಂದು ಅವನು ಆಮೇಲೆ ಹಾಸಿಗೆಯಲ್ಲಿ ಯೋಚಿಸಿ, ಇವನು ಮೊದಲಿನಿಂದಲೂ ಹೆದರುಪುಕ್ಕಲ ಎಂದುಕೊಂಡು ಮಗ್ಗುಲಾಗಿದ್ದ.

ಅಂಗಡಿಗೆ ಕಾಲಿಟ್ಟಾಗ ತಮ್ಮ ಗುಡಿಸುತ್ತಿದ್ದ. ಎರಡನೇ ಕುರ್ಚಿಯಲ್ಲಿ ಒಬ್ಬ ಅರ್ಧ ತಲೆ ಆಗಿ ಕೂತೇ ಇದ್ದ, ಅವನ ಕಾಲಡಿಯಲ್ಲೇ ಪೊರಕೆ ಆಡುತ್ತಿತ್ತು. ಈಗ ಹೀಗೆಯೇ, ಒಂದು ಹಿಡಿ ಕೂದಲು ಬಿದ್ದರೆ ಸಾಕು, ಪೊರಕೆ. ಅವನ ಕಾಲದಲ್ಲಿ ಇದು ನಡೆಯುತ್ತಿರಲಿಲ್ಲ. ಗಿರಾಕಿ ಕುರ್ಚಿಯಿಂದ ಏಳುವ ತನಕ ಪೊರಕೆ ಮುಟ್ಟಬಾರದು ಎನ್ನುವುದು ಅವನು ಅಂಗಡಿ ತೆರೆದ ದಿನವೇ ಹಾಕಿದ ಕಟ್ಟಳೆ. ಕೂತಿರುವವನ ಕಾಲಡಿ ಗುಡಿಸುವುದು ಅಂದರೆ ಎದ್ದು ನಡಿ ಅಂದ ಹಾಗೆ, ಕೂತಷ್ಟು ಹೊತ್ತು ಅವನು ರಾಜ. ಅವನು ಬಿದ್ದ ದಿನವೂ ವಕೀಲರು ಮೊದಲನೇ ಕುರ್ಚಿಯಲ್ಲಿದ್ದರು. ಬೆಳಗಿನಿಂದ ಜನ ಜಾಸ್ತಿ, ನೆಲದ ಮೇಲೆ ಕೂದಲು ಹಾಸಿಬಿದ್ದಿತ್ತು. ತಮ್ಮ ಮೆಲ್ಲಗೆ ಪೊರಕೆ ತೆಗೆದುಕೊಂಡು ಬಂದಾಗ ಅವನು ಕತ್ತರಿ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ, "ಏನೋ, ವಕೀಲರನ್ನ ಕಸದ ಜೊತೆ ಗುಡಿಸಿ ಹಾಕ್ತೀಯಾ? ಇಡೋ ಅದನ್ನ," ಅಂದಿದ್ದ. ಜನ ನಕ್ಕರು. ತಮ್ಮ, "ಜಾರುತ್ತೆ ಅಣ್ಣ," ಅಂದ. "ಜಾರೋದು ನಿನ್ನ ಕೈ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಜನ ಇನ್ನೂ ನಕ್ಕರು. ಆ ನಗುವಿನ ಗುಂಗಿನಲ್ಲೇ, ಪೌಡರ್ ಡಬ್ಬಿ ತರಲು ಗತ್ತಿನಿಂದ ತಿರುಗಿದ, ವಕೀಲರದೇ ಬಿಳಿ ಕೂದಲಿನ ಮೇಲೆ ಹಿಮ್ಮಡಿ ಇಟ್ಟ. ಬಿದ್ದಲ್ಲಿಂದ ಅವನಿಗೆ ಕಂಡದ್ದು ಮಾರುದ್ದ ಬಿಳಿ ಬಟ್ಟೆ ಹೊದ್ದು, ಅರ್ಧ ತಲೆ ಆಗಿ, ಬಾಯಿ ಬಿಟ್ಟು ಕೂತ ವಕೀಲರು, ಆಮೇಲೆ ತಮ್ಮನ ಮುಖ. ತಮ್ಮನ ಕೈಯಲ್ಲಿ ಪೊರಕೆ ಇನ್ನೂ ಇತ್ತು.

ವಕೀಲರು ಹೇಳಿದ ಹೊತ್ತಿಗೆ ಬಂದರು. "ಏನಪ್ಪಾ ದೊಡ್ಡವರೇ, ಇವತ್ತು ನಿಂತುಬಿಟ್ಟಿದ್ದೀರಿ!" ಎಂದು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಕೆಳಗೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಕೂತರು. ಅವನು ಬಟ್ಟೆ ಹೊದಿಸಿದ. ಕುರ್ಚಿ ಎತ್ತರವಾಗಿತ್ತು, ಇಳಿಸುವ ಪೆಡಲು ಬಲಗಡೆ ಇತ್ತು. ಬಲಗಾಲಿಂದ ಒತ್ತಿದರೆ ಪೆಡಲಿಗೆ ಗೊತ್ತೇ ಆಗಲಿಲ್ಲ. ಒಮ್ಮೆ ಒತ್ತಿದ, ಇನ್ನೊಮ್ಮೆ ಒತ್ತಿದ. ತಮ್ಮ ತನ್ನ ಗಿರಾಕಿಯನ್ನು ಬಿಟ್ಟು ಬಂದು ಪೆಡಲು ತುಳಿದು ಹಿಂದಕ್ಕೆ ಹೋದ. ವಕೀಲರು ಕಣ್ಣು ಮುಚ್ಚಿಕೊಂಡಿದ್ದರು. ಕತ್ತರಿ ಬೆರಳಿಗೆ ಬಂದ ಮೇಲೆ ಅವನಿಗೆ ಎಲ್ಲ ಮರೆತುಹೋಯಿತು. ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ, ಸೊಂಟವನ್ನು ಕುರ್ಚಿಯ ತೋಳಿಗೆ ಆನಿಸಿ ಬಲಗಡೆ ಮುಗಿಸಿದ. ಎಡಗಡೆಗೆ ಬರುವಾಗ ಕೆಟ್ಟ ಕಾಲಿನ ಮೇಲೆ ನಿಲ್ಲಲೇಬೇಕಾಯಿತು, ತೊಡೆಯೊಳಗೆ ಮೊಳೆಗಳು ಒಂದೊಂದೂ ತಾವು ಎಲ್ಲಿದ್ದೇವೆ ಎಂದು ಹೇಳಿದವು. ಬೆವರು ಕಿವಿಯ ಹಿಂದೆ ಇಳಿಯಿತು. ಆದರೂ ಬಾಚಣಿಗೆ ಎತ್ತುವುದು, ಕತ್ತರಿ ಮುಚ್ಚುವುದು, ಎಲ್ಲ ಮೊದಲಿನ ಹಾಗೇ. ಓರೆಗಣ್ಣಲ್ಲಿ ತಮ್ಮನನ್ನು ನೋಡಿದ. ಈ ತಮ್ಮನಿಗೆ ಬಲೂನಿಗೆ ಸೋಪು ಹಚ್ಚಿ ಬ್ಲೇಡು ಹಿಡಿಯಲು ಕಲಿಸಿದವನು ಅವನು, ತಪ್ಪಿದಾಗಲೆಲ್ಲ ಬಾಚಣಿಗೆಯ ಬೆನ್ನಿನಿಂದ ಬೆರಳ ಗಿಣ್ಣಿಗೆ ಕೊಟ್ಟವನೂ ಅವನೇ. ಒಮ್ಮೆ ತಮ್ಮ ಒಬ್ಬರ ಹಿಂದಲೆ ಒಂದು ಬದಿಗೆ ಇಳಿಸಿ ಕತ್ತರಿಸಿದ್ದಕ್ಕೆ, ಅಂಗಡಿ ತುಂಬ ಜನ ಇರುವಾಗಲೇ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮಷೀನು ತೆಗೆದುಕೊಂಡು ಹಿಂದಲೆಗೆ ಅಡ್ಡಡ್ಡ ಒಂದು ಓರೆ ಗೆರೆ ಬೋಳಿಸಿದ್ದ. "ಡೊಂಕು ಅಂದ್ರೆ ಹೀಗಿರುತ್ತೆ. ಬೆಳೆಯೋ ತನಕ ಹೊತ್ತು ತಿರುಗು, ಮರೆಯಲ್ಲ." ಆ ವಾರವೇ ತಮ್ಮನಿಗೆ ಹೆಣ್ಣು ನೋಡಲು ಹೋಗುವುದಿತ್ತು. ಟೋಪಿ ಹಾಕಿಕೊಂಡು ಹೋಗಿ ಕೂತಿದ್ದ, ಆ ಮನೆಯವರು ಬೇಡ ಅಂದರು. ಅದರಿಂದಲೇ ಇವನ ಕೈ ತಿದ್ದಿತು ಎಂದು ದೊಡ್ಡವನು ಎಷ್ಟೋ ಜನಕ್ಕೆ ಹೇಳಿದ್ದಾನೆ, ತಮ್ಮನ ಎದುರಿಗೇ.

ಮುಗಿಸಿ, ಕೈಗನ್ನಡಿಯನ್ನು ಹಿಂದೆ ಹಿಡಿದು ಎರಡೂ ಬದಿ ತೋರಿಸಿದ. ಎಲ್ಲ ಸಮ, ಹಲಗೆ ಹೊಡೆದ ಹಾಗೆ ಸಮ. ವಕೀಲರು ಕಣ್ಣು ಬಿಟ್ಟು ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು, ಆಮೇಲೆ ಕನ್ನಡಿಯಲ್ಲೇ ಚಿಕ್ಕವರನ್ನು ನೋಡಿದರು, ಆಮೇಲೆ, "ಕೈ ಅಂದ್ರೆ ಇದು ನೋಡಪ್ಪ," ಅಂದರು. "ಸರಿ ಇದೆಯಾ ಸರ್? ಫೋಟೋಗೆ?" "ಇದಕ್ಕಿಂತ ಇನ್ನೇನು ಬೇಕು?" ಅವನು ತಮ್ಮನ ಕಡೆ ತಿರುಗಿದ. ತಮ್ಮ, "ಆಯ್ತಲ್ಲಣ್ಣ. ಕುರ್ಚಿ ನಿಂದೇ," ಅಂದ. ಅಳು ಬರುತ್ತದೇನೋ ಎನ್ನುವ ನಾಚಿಕೆಯಲ್ಲಿ ಅವನು, "ನೋಡ್ಕೊಂಡು ಕಲಿ," ಎಂದು ಗದರಿ, ಊರುಗೋಲು ಹುಡುಕಿಕೊಂಡು ಪರದೆಯ ಹಿಂದಿನ ಕೋಣೆಗೆ ನಡೆದ.

ಅಲ್ಲಿ ಒಂದು ಬೆಂಚು, ತೊಳೆದ ಟವೆಲುಗಳ ರಾಶಿ, ಖಾಲಿ ಶಾಂಪೂ ಡಬ್ಬಗಳು. ಬೆಂಚಿನ ಮೇಲೆ ಮಲಗಿ ಕಾಲನ್ನು ಟವೆಲುಗಳ ಮೇಲೆ ಏರಿಸಿದ. ನಡುಕ ತೊಡೆಯಿಂದ ಹೊಟ್ಟೆಗೆ ಬರುತ್ತಿತ್ತು, ಆದರೂ ಸುಖವಾಗಿತ್ತು. ಮನೆಗೆ ಹೋಗಿ ಅವಳಿಗೆ ಹೇಳಬೇಕು. ಚಪ್ಪಟೆ ಬೂಟಿನಲ್ಲೇ ನಿಂತು ಮಾಡಿದೆ, ವಕೀಲರು ಏನಂದರು ಗೊತ್ತಾ ಎಂದು. ಅವಳಿಗೂ ಬೆಳಿಗ್ಗೆ ಹಾಗೆ ಅನ್ನಬಾರದಿತ್ತು. ಆ ಹೊಸ ಕೆಲಸದವನು ಬಂದರೆ ಮೂರನೇ ಕುರ್ಚಿ ಕೊಟ್ಟರಾಯಿತು, ಅವನಿಗೂ ನಾಲ್ಕು ಪಾಠ ಹೇಳಿಕೊಡಬಹುದು. ಹೀಗೆ ಅಂದುಕೊಳ್ಳುತ್ತ ಕಣ್ಣು ಹತ್ತಿತು. ಎಚ್ಚರವಾದಾಗ ಹೊರಗೆ ಕತ್ತರಿಯ ಸದ್ದು. ತಮ್ಮನ ಕತ್ತರಿ, ಸಣ್ಣ ಸಣ್ಣ ಕಡಿತ, ತಿದ್ದುವಾಗಿನ ಸದ್ದು. ಯಾರ ತಲೆಯಪ್ಪಾ ಇದು ಎಂದು ಸುಮ್ಮನೆ ಊಹಿಸುತ್ತಿರುವಾಗ ವಕೀಲರ ಕೆಮ್ಮು ಕೇಳಿಸಿತು.

"ಈ ಸಲ ಜಾಸ್ತಿ ಆಗಿದೆಯೇನಪ್ಪಾ?" ವಕೀಲರು ಮೆಲ್ಲಗೆ ಕೇಳುತ್ತಿದ್ದರು.

"ಬಲಗಡೆ ಪೂರ್ತಿ ಇಳಿದುಬಿಟ್ಟಿದೆ ಸರ್. ನಿಂತು ಮಾಡಿದನಲ್ಲ, ಅದಕ್ಕೆ. ಸ್ಟೂಲಾದ್ರೆ ಇಷ್ಟಿರಲ್ಲ."

"ಫೋಟೋದಲ್ಲಿ ಕಾಣುತ್ತಾ?"

"ಕಾಣದ ಹಾಗೆ ಮಾಡ್ತೀನಿ."

"ನೀನಾದ್ರೂ ಒಂದು ಮಾತು ಹೇಳಬಾರದಾ ಅವನಿಗೆ? ಪ್ರತಿ ತಿಂಗಳೂ ಎರಡೆರಡು ಸಲ ಕೂತು ನನ್ನ ಕುತ್ತಿಗೆ ಹೋಯ್ತು. ಎದುರಿನ ಹೋಟೆಲಿನವನಿಗೆ ಗೊತ್ತಾಗಿಹೋಗಿದೆ, ನಾನು ಬಂದ ಕೂಡಲೇ ಕಾಫಿ ಇಟ್ಟು, ದೊಡ್ಡವರು ಇನ್ನೂ ಮಲಗಿಲ್ವಾ ಸರ್ ಅಂತ ಕೇಳ್ತಾನೆ."

ತಮ್ಮ ನಕ್ಕ. ಜೋರಾಗಿ ಅಲ್ಲ. "ಇವತ್ತು ನೀವೇ ಹೇಳಬಹುದಿತ್ತು ಸರ್. ನಾನು ಕಾಯ್ತಿದ್ದೆ."

"ನನಗ್ಯಾಕಪ್ಪಾ ಆ ಪಾಪ. ನನ್ನ ಕಣ್ಣೆದುರಿಗೇ ಬಿದ್ದ ಮನುಷ್ಯ."

ಅವನು ಮಲಗಿದ್ದಲ್ಲಿಂದ ಏಳಲು ನೋಡಿದ. ಕಾಲು ತನ್ನದಲ್ಲ ಎನ್ನುವಂತೆ ಟವೆಲುಗಳ ಮೇಲೆ ಬಿದ್ದಿತ್ತು. ಎರಡೂ ಕೈಯಿಂದ ಎತ್ತಿ ಕೆಳಗಿಟ್ಟ. ಏನು ಹೇಳಬೇಕು, ಯಾರಿಗೆ ಮೊದಲು ಹೇಳಬೇಕು ಎಂದು ಹುಡುಕಿದ. ಇಷ್ಟು ತಿಂಗಳ ವಕೀಲರ ಹೊಗಳಿಕೆಗಳೆಲ್ಲ ಒಂದೊಂದಾಗಿ ನೆನಪಾದವು, ಪ್ರತಿಯೊಂದಕ್ಕೂ ತಾನು ಹಲ್ಲು ಬಿಟ್ಟದ್ದೂ ನೆನಪಾಯಿತು. ಕ್ಯಾಲೆಂಡರು ನೆನಪಾಯಿತು. ಬೇಸಿನ್ನಿನ ಮೇಲಿನ ಕನ್ನಡಿ ನೆನಪಾಯಿತು. ಅವಳ ಬೈತಲೆಯನ್ನು ಮಾತ್ರ ನೆನಪಿಗೆ ಬಾರದ ಹಾಗೆ ತಡೆಯಲು ನೋಡಿದ, ಆಗಲಿಲ್ಲ.

ಪರದೆ ಸರಿಸಿ ಹೊರಗೆ ಬಂದ. ಎರಡನೇ ಕುರ್ಚಿಯಲ್ಲಿ ವಕೀಲರು ಬಟ್ಟೆ ಹೊದ್ದು ಕೂತಿದ್ದರು. ಕನ್ನಡಿಯಲ್ಲಿ ಅವನನ್ನು ಕಂಡೊಡನೆ ಕಣ್ಣು ಮುಚ್ಚಿ, ನಿದ್ದೆ ಮಾಡುವವರ ಹಾಗೆ ಬಾಯಿ ಸ್ವಲ್ಪ ತೆರೆದರು. ಊರಿಗೆಲ್ಲ ನ್ಯಾಯ ಹೇಳುವ ದೊಡ್ಡ ಮನುಷ್ಯ, ನಿದ್ದೆಯ ನಾಟಕ ಆಡುತ್ತಿದ್ದರು. ತಮ್ಮ ಕತ್ತರಿ ನಿಲ್ಲಿಸಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ತೊಡೆ ಸೋತಿತು. ಹತ್ತಿರವಿದ್ದದ್ದು ಮೊದಲನೇ ಕುರ್ಚಿ, ಅದರ ತೋಳು ಹಿಡಿದು, ಬಿದ್ದ ಹಾಗೆ ಅದರಲ್ಲಿ ಕೂತ. ಕಾಲು ಮುಂದಕ್ಕೆ ಚಾಚಿಕೊಂಡಿತು. ಇಷ್ಟು ವರ್ಷ ಆ ಕುರ್ಚಿಯ ಹಿಂದೆ ನಿಂತವನಿಗೆ ಅದರಲ್ಲಿ ಕೂತರೆ ಕನ್ನಡಿ ಇಷ್ಟು ಹತ್ತಿರ ಬರುತ್ತದೆ ಎಂದು ಗೊತ್ತಿರಲಿಲ್ಲ.

ವಕೀಲರದು ಮುಗಿಯಿತು. ಅವರು ಎದ್ದು, ಪೌಡರು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, "ಬರ್ತೀನಪ್ಪಾ, ಫೋಟೋಗೆ ಹೊತ್ತಾಯ್ತು," ಎಂದು ಮೆಟ್ಟಿಲಿಳಿದರು. ಹಿಂದಿನಿಂದ ಅವರ ತಲೆ ಅವನಿಗೆ ಎಡಕ್ಕೆ ವಾಲಿದ ಹಾಗೆ ಕಂಡಿತು. ಅಂಗಡಿಯಲ್ಲಿ ಇಬ್ಬರೇ ಉಳಿದರು. ತಮ್ಮ ಬಂದು ಹಿಂದೆ ನಿಂತ. ಈಗ ಬೈಯುತ್ತಾನೆ, ಅಥವಾ ಅಳುತ್ತಾನೆ, ಎರಡರಲ್ಲಿ ಒಂದು ಎಂದು ಅವನು ಕಾದ. ತಮ್ಮ ಬಟ್ಟೆ ಕೊಡವಿ ಅವನಿಗೆ ಹೊದಿಸಿ, ಕುತ್ತಿಗೆಯ ಹಿಂದೆ ಗಂಟು ಹಾಕಿ, ಬಾಚಣಿಗೆ ತೆಗೆದುಕೊಂಡು, "ಬೆಳೆದುಬಿಟ್ಟಿದೆ. ಹೇಗೆ ಮಾಡಲಿ?" ಎಂದು ಕೇಳಿದ. ರಸ್ತೆಯಿಂದ ಒಳಗೆ ಬಂದ ಹೊಸ ಗಿರಾಕಿಯನ್ನು ಕೇಳುವ ಹಾಗೆಯೇ ಕೇಳಿದ.

"ಎಷ್ಟು ತಿಂಗಳಿಂದ?" ಅಂದ ಅವನು.

"ಮೊದಲನೇ ದಿನದಿಂದಲೇ. ತಲೆ ನೆಟ್ಟಗಿಡಣ್ಣ."

"ನೆಟ್ಟಗೇ ಇದೆಯಲ್ಲೋ."

ತಮ್ಮ ಎರಡು ಬೆರಳನ್ನು ಅವನ ಬಲಗಿವಿಯ ಮೇಲೆ ಇಟ್ಟು, ಮೆಲ್ಲಗೆ, ಅವನೇ ಹಿಂದೆ ಕಲಿಸಿದ ಹಾಗೆ, ಗಿರಾಕಿಗೆ ನೋವಾಗದ ಹಾಗೆ ತಳ್ಳಿ ನಿಲ್ಲಿಸಿದ. ಕನ್ನಡಿ, ಬಾಗಿಲು, ಎದುರಿನ ಹೋಟೆಲು, ಇಡೀ ರಸ್ತೆ ಎಡಕ್ಕೆ ಜಾರಿತು. ಬಿದ್ದೆ ಎನಿಸಿ ಅವನು ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. "ಹಾಂ, ಈಗ ನೆಟ್ಟಗಿದೆ. ಹೀಗೇ ಇರು," ಎಂದು ತಮ್ಮ ಕತ್ತರಿ ಆಡಿಸಲು ಶುರುಮಾಡಿದ. ಹಿಂದಲೆಗೆ ಮಷೀನಿನ ತಣ್ಣನೆಯ ಬಾಯಿ ತಾಗಿದಾಗ ಅವನ ಮೈ ಬಿಗಿಯಿತು. ಈಗ ಬರುತ್ತದೆ ಆ ಓರೆ ಗೆರೆ ಎಂದು ಕಣ್ಣು ಮುಚ್ಚಿದ. ಬರಲಿ ಎಂದೂ ಅನಿಸಿತು, ಬಂದರೆ ಲೆಕ್ಕ ಚುಕ್ತಾ ಆಗುತ್ತದೆ. ಅಂಥದ್ದೇನೂ ಬರಲಿಲ್ಲ. ತಮ್ಮ ಬಹಳ ಚೆನ್ನಾಗಿ ಕತ್ತರಿಸುತ್ತಿದ್ದ. ಕೈ ಹಗುರ, ಅವಸರವಿಲ್ಲ, ತನಗಿಂತಲೂ ಚೆನ್ನಾಗಿದೆ ಎಂದು ಅವನಿಗೆ ಕಣ್ಣು ಮುಚ್ಚಿಯೇ ಗೊತ್ತಾಯಿತು.

ಒಂದು ಬದಿ ಮುಗಿದಾಗ ಕತ್ತರಿಯ ಸದ್ದು ನಿಂತು ಪೊರಕೆಯ ಸದ್ದು ಬಂತು. ಕಣ್ಣು ಬಿಟ್ಟ. ಎರಡನೇ ಕುರ್ಚಿಯ ಕೆಳಗಿನಿಂದ ವಕೀಲರ ಬಿಳಿ ಕೂದಲು, ಅದರ ಹಿಂದೆ ತನ್ನ ನರೆತ ಕೂದಲು, ಒಂದೇ ಗುಡ್ಡೆಯಾಗಿ ತನ್ನ ಕಾಲಿನ ಕಡೆಗೇ ಬರುತ್ತಿತ್ತು. ಅವನು ಹಳೆಯ ದನಿ ತಂದುಕೊಳ್ಳಲು ನೋಡಿದ. ಅರ್ಧ ಬಂತು. "ಗಿರಾಕಿ ಏಳುವ ತನಕ ಪೊರಕೆ ಮುಟ್ಟಬಾರದು ಅಂತ ಹೇಳಿಲ್ವಾ ನಿನಗೆ?"

"ಗಿರಾಕಿ ಎದ್ದು ಹೋದ್ರಲ್ಲಣ್ಣ," ಅಂದ ತಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ಕಾಲು ಸ್ವಲ್ಪ ಎತ್ತು."

ಅವನು ಎಡಗಾಲು ಎತ್ತಿದ. ತಮ್ಮ ಕಾದ. ಆಮೇಲೆ ಬಗ್ಗಿ, ಇನ್ನೊಂದನ್ನು ಪ್ಯಾಂಟಿನ ತುದಿ ಹಿಡಿದು ತಾನೇ ಎತ್ತಿ, ಅಡಿಯಲ್ಲಿ ಗುಡಿಸಿ, ಮತ್ತೆ ಕೆಳಗಿಟ್ಟ.